ತೋಟದ ನಿಸ್ತಂತು ಇಂಟರ್‌ಕಾಮಿಗೆ ಆಂಟೆನಾ ಎಲ್ಲಿರಬೇಕು?

ಮಲೆನಾಡಿನಲ್ಲಿ ಮನೆ ಸಾಮಾನ್ಯವಾಗಿ ಗುಡ್ಡದ ಇಳಿಜಾರಿನಲ್ಲಿಯೂ, ಅಡಿಕೆ ತೋಟ ಮತ್ತು ಪಂಪುಮನೆ ಕೆಳಗಿನ ಕಣಿವೆಯಲ್ಲಿಯೂ ಇರುತ್ತವೆ. ಅನೇಕ ಕಡೆ ಕಣಿವೆಗೆ ಮೊಬೈಲ್ ಸಂಕೇತ ತಲುಪುವುದಿಲ್ಲ. ತೋಟದಲ್ಲಿ ಒಬ್ಬನೇ ದುಡಿಯುವವನಿಗೆ ಹಾವು ಕಡಿದರೆ ಅಥವಾ ಮರದಿಂದ ಬಿದ್ದರೆ ಮನೆಗೆ ಸುದ್ದಿ ಮುಟ್ಟಿಸಲು ನಿಸ್ತಂತು ಇಂಟರ್‌ಕಾಮ್ ನೆರವಾಗುತ್ತದೆ. ಆದರೆ ಆಂಟೆನಾ ತಪ್ಪು ಜಾಗದಲ್ಲಿದ್ದರೆ ಒಳ್ಳೆಯ ಉಪಕರಣವೂ ಬೇಕಾದ ಹೊತ್ತಿಗೆ ಮೂಕವಾಗುತ್ತದೆ.

ಉಪಕರಣದ ಆಯ್ಕೆ

ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಕೈಸೆಟ್ಟುಗಳಿಗೂ, 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೊಳ್ಳುವಾಗ ಸರ್ಕಾರದ ಮಾದರಿ ಒಪ್ಪಿಗೆ ಇದೆಯೇ ಎಂದು ಕೇಳಬೇಕು. ಕೈಸೆಟ್ಟಿನಲ್ಲಿ ಆಂಟೆನಾ ಸಾಮಾನ್ಯವಾಗಿ ಸೆಟ್ಟಿಗೇ ಕೂಡಿಕೊಂಡಿರುತ್ತದೆ; ಅದನ್ನು ಬದಲಾಯಿಸಬಾರದು. ಅಲ್ಲಿ ಸೆಟ್ಟನ್ನು ಇಡುವ ಜಾಗವೇ ಆಂಟೆನಾದ ಜಾಗ.

ದಾರಿ ತೆರವಾಗಿರಲಿ

ಎರಡು ಆಂಟೆನಾಗಳು ಒಂದಕ್ಕೊಂದು ಕಾಣುವಂತಿದ್ದರೆ ಉತ್ತಮ. ಆದರೆ ಅಲೆಗಳಿಗೆ ನೋಟದ ಗೆರೆಯಷ್ಟೇ ಸಾಲದು, ಅದರ ಸುತ್ತಲೂ ತೆರವು ಬೇಕು. 400 ಮೀಟರ್ ಅಂತರವಿದ್ದಾಗ ದಾರಿಯ ನಡುಮಧ್ಯದಲ್ಲಿ ಗೆರೆಯ ಸುತ್ತ 446 ಮೆಗಾಹರ್ಟ್ಸ್‌ಗೆ ಸುಮಾರು 5 ಮೀಟರ್, 2.4 ಗಿಗಾಹರ್ಟ್ಸ್‌ಗೆ ಸುಮಾರು 2 ಮೀಟರ್ ತೆರವಿರಬೇಕು. ಆದ್ದರಿಂದ ಮನೆಯ ಕಡೆಯ ಆಂಟೆನಾವನ್ನು ಮಾಡಿಗಿಂತ ಎತ್ತರದಲ್ಲಿ, ತೋಟದ ಕಡೆಯ ಅಂಚಿನಲ್ಲಿ ನಿಲ್ಲಿಸಬೇಕು.

ಹಸಿ ಎಲೆಗಳು ಅಲೆಗಳನ್ನು ಹೀರುತ್ತವೆ, 2.4 ಗಿಗಾಹರ್ಟ್ಸ್‌ನಲ್ಲಿ ಈ ನಷ್ಟ ಇನ್ನೂ ಹೆಚ್ಚು. ಅಡಿಕೆ ಮರಗಳ ತಲೆಗಳ ನಡುವೆ ಆಂಟೆನಾ ಸಿಕ್ಕಿಕೊಳ್ಳಬಾರದು. ಒಂದೋ ತಲೆಗಳಿಗಿಂತ ಮೇಲೆ, ಇಲ್ಲವೇ ಎಲೆಯಿಲ್ಲದ ಕಾಂಡಗಳ ಮಟ್ಟದಲ್ಲಿ ಇಟ್ಟು, ಎರಡನ್ನೂ ಪರೀಕ್ಷಿಸಿ ನೋಡಬೇಕು. ನಡುವೆ ಗುಡ್ಡವೇ ಅಡ್ಡ ಬಂದರೆ, ಎರಡೂ ಕಡೆ ಕಾಣುವ ದಿಣ್ಣೆಯ ಮೇಲೆ ರಿಪೀಟರ್ ಘಟಕವಿಡುವ ಸೌಲಭ್ಯವುಳ್ಳ ಉಪಕರಣವನ್ನು ಆರಿಸುವುದು ಸರಿಯಾದ ಮಾರ್ಗ.

ಅಳವಡಿಸುವಾಗ ಗಮನಿಸತಕ್ಕ ಅಂಶಗಳು

1. ಎರಡೂ ಆಂಟೆನಾಗಳು ನೆಟ್ಟಗೆ ನಿಂತಿರಬೇಕು. ಒಂದು ನಿಂತು ಇನ್ನೊಂದು ಮಲಗಿದ್ದರೆ ಸಂಕೇತ ಬಹಳ ಕುಗ್ಗುತ್ತದೆ. ಕಡ್ಡಿ ಆಂಟೆನಾದ ಅಲೆಗಳು ಅದರ ಪಕ್ಕಗಳಿಗೆ ಹರಡುತ್ತವೆ, ತುದಿಯ ದಿಕ್ಕಿಗಲ್ಲ; ಆದುದರಿಂದ ತುದಿಯನ್ನು ತೋಟದತ್ತ ಬಾಗಿಸುವುದು ತಪ್ಪು.

2. ತಗಡಿನ ಮಾಡು, ಕಬ್ಬಿಣದ ಬಾಗಿಲು, ಸ್ಟಾರ್ಟರ್ ಪೆಟ್ಟಿಗೆ ಇವುಗಳಿಂದ 446 ಮೆಗಾಹರ್ಟ್ಸ್ ಸೆಟ್ಟು ಒಂದು ಮೀಟರಿನಷ್ಟಾದರೂ ದೂರವಿರಲಿ. ತಗಡಿನ ಪಂಪುಮನೆಯಾದರೆ ಸೆಟ್ಟನ್ನು ಹೊರಗೆ, ಮಳೆ ತಾಕದಂತೆ ಮರದ ಗೂಟಕ್ಕೆ ತೂಗುಹಾಕಬೇಕು.

3. ಆಂಟೆನಾ ಪ್ರತ್ಯೇಕವಾಗಿದ್ದರೆ ತಂತಿ ಆದಷ್ಟು ಗಿಡ್ಡದಿರಲಿ. ಆರ್‌ಜಿ-58 ಜಾತಿಯ ತೆಳು ತಂತಿ 10 ಮೀಟರ್ ಉದ್ದವಿದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೇಲೆ ಮುಟ್ಟುತ್ತದೆ. ಕೂಡುವೆಡೆಗೆ ನೀರು ಇಳಿಯದಂತೆ ಟೇಪು ಸುತ್ತಬೇಕು.

4. ಕಂಬವು ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಲೋಹದ ಕಂಬಕ್ಕೆ ಭೂಸಂಪರ್ಕ ಕಡ್ಡಾಯ. ಗುಡುಗು ಸಿಡಿಲಿನ ಸಮಯದಲ್ಲಿ ಹೊರ ಆಂಟೆನಾಕ್ಕೆ ಜೋಡಿಸಿದ ಸೆಟ್ಟನ್ನು ಮುಟ್ಟಬಾರದು.

ಪರೀಕ್ಷೆ

ಒಬ್ಬರು ಮನೆಯಲ್ಲಿದ್ದು, ಇನ್ನೊಬ್ಬರು ತೋಟದಲ್ಲಿ ನಡೆಯುತ್ತ ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ಅಂಕಿ ಎಣಿಸಬೇಕು. ಕೇಳಿಸದ ಜಾಗಗಳನ್ನು ಗುರುತಿಸಿಕೊಳ್ಳಬೇಕು. ಅಲೆಗಳು ಪ್ರತಿಫಲಿಸಿ ಒಂದನ್ನೊಂದು ಅಳಿಸುವ ತಾಣದಲ್ಲಿ ಸೆಟ್ಟನ್ನು ಒಂದು ಗೇಣು ಸರಿಸಿದರೂ ಮಾತು ಸ್ಪಷ್ಟವಾಗುವುದುಂಟು. ಬೇಸಿಗೆಯಲ್ಲಿ ಚೆನ್ನಾಗಿ ಕೇಳಿಸಿತೆಂದು ಸುಮ್ಮನಿರದೆ, ಮಳೆಗಾಲದಲ್ಲಿ ತೋಟ ತೊಯ್ದಿರುವಾಗ ಮತ್ತೊಮ್ಮೆ ಪರೀಕ್ಷಿಸಬೇಕು.

ಒಂದು ಎಚ್ಚರಿಕೆ

"ಮೋಟಾರು ಹಾಕಬೇಡಿ" ಎಂದು ಇಂಟರ್‌ಕಾಮಿನಲ್ಲಿ ಹೇಳಿದ ಮಾತನ್ನೇ ನಂಬಿ ಪಂಪಿನ ದುರಸ್ತಿಗೆ ಇಳಿಯಬಾರದು. ಮಾತು ಅರ್ಧವೇ ಕೇಳಿಸಿದರೆ "ಮೋಟಾರು ಹಾಕಿ" ಎಂದಾಗಬಹುದು. ಮೊದಲು ಮೇನ್ ಸ್ವಿಚ್ಚು ಆರಿಸಿ, ಫ್ಯೂಸುಗಳನ್ನು ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡು, ಆಮೇಲೆ ಕೆಲಸಕ್ಕೆ ಕೈಹಾಕಬೇಕು.