ಸೊಸೆಯನ್ನು ಕೇಳಿ

1. ಆಧಾರ್ ಕಾರ್ಡಿನ ವಯಸ್ಸು ನಂಬಬೇಡಿ. ನ್ಯುಮೋನಿಯಾ ಆಗಿ ಔರಾದಿನಿಂದ ಬೀದರಿನ ಐಸಿಯುಗೆ ಬಂದ ಎಂಬತ್ತರ ಮುತ್ಯಾ ಹದಿನೈದು ದಿನದ ಹಿಂದೆ ತೊಗರಿ ಹೊಲದಲ್ಲಿ ಕಳೆ ಕಿತ್ತಿರುತ್ತಾನೆ. ಭಾಲ್ಕಿಯ ಅರವತ್ತರ ಶುಗರ್ ರೋಗಿ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಿರುತ್ತಾನೆ. ನನಗೆ ಹೆಚ್ಚು ಚಿಂತೆ ಎರಡನೆಯವನದು.

2. ದೇಹ ಎಷ್ಟು ಹಣ್ಣಾಗಿದೆಯೆಂದು ಅಳೆಯಲು ಕೆನಡಾದ ಕೆನೆತ್ ರಾಕ್‌ವುಡ್ ತಂಡ 2005ರಲ್ಲಿ ಕೊಟ್ಟ ಅಳತೆಗೋಲಿಗೆ ಈಗ 9 ಮೆಟ್ಟಿಲು. 5 ಮುಟ್ಟಿತೆಂದರೆ ಜೀವ ಹಣ್ಣಾಗಿದೆ. ಅಳೆಯಬೇಕಾದ್ದು ಕಾಯಿಲೆ ಬೀಳುವ ಮುಂಚಿನ ಸ್ಥಿತಿ. ಐಸಿಯು ಮಂಚದ ಮೇಲೆ ಪೈಲ್ವಾನನೂ 8 ಆಗಿಯೇ ಕಾಣುತ್ತಾನೆ.

ತೊಡಕೊಂದಿದೆ. ಹಣಕಾಸು, ಓಡಾಟ ತಾವೇ ನೋಡಿಕೊಳ್ಳುತ್ತಾರೆಯೇ ಎಂದು ಆ ಅಳತೆ ಕೇಳುತ್ತದೆ. ನಮ್ಮ ಎಷ್ಟೋ ಆಯಿಗಳು ಗಟ್ಟಿಮುಟ್ಟಾಗಿದ್ದಾಗಲೂ ಬ್ಯಾಂಕಿನ ಮುಖ ನೋಡಿದವರಲ್ಲ. ಅದಕ್ಕೇ ನನ್ನ ಪ್ರಶ್ನೆ ಬೇರೆ: ರೊಟ್ಟಿ ತಾನೇ ಬಡೀತಿದ್ಳೇನು? ತುಂಬಿದ ಕೊಡ ಎತ್ತತಿದ್ಳೇನು? ಗಂಡಸಾದರೆ, ಕಟ್ಟಿ ತನಕ ಒಬ್ಬನೇ ಹೋಗತಿದ್ದನೇನು? ಗಡಿ ಕಡೆಯವರಿಗೆ ಇದನ್ನೇ ಮರಾಠಿಯಲ್ಲಿ ಕೇಳಬೇಕು.

ಉತ್ತರ ಯಾರಿಂದ ಪಡೆಯುತ್ತೀರಿ ಎಂಬುದೂ ಮುಖ್ಯ. ಹೈದರಾಬಾದಿನಿಂದ ರಾತ್ರೋರಾತ್ರಿ ಬಂದ ಮಗ ‘ಅಪ್ಪ ಫಸ್ಟ್‌ಕ್ಲಾಸ್ ಇದ್ದ’ ಅನ್ನುತ್ತಾನೆ. ಸುಳ್ಳಲ್ಲ, ಅವನು ನೋಡಿದ್ದು ದೀಪಾವಳಿಗೆ. ಎರಡು ತಿಂಗಳಿಂದ ರೊಟ್ಟಿ ಹಾಲಲ್ಲಿ ನೆನೆಸಿ ಉಣಿಸುತ್ತಿರುವವಳು ಬಾಗಿಲಾಚೆ ಸೆರಗು ಹೊದ್ದು ನಿಂತಿರುತ್ತಾಳೆ. ಸಹಿ ಮಗನದು, ಸುದ್ದಿ ಸೊಸೆಯದು.

3. ಹಾಸಿಗೆ ಸ್ನಾಯು ತಿನ್ನುತ್ತದೆ. ಲಂಡನ್ನಿನ ಐಸಿಯು ರೋಗಿಗಳನ್ನು ಅಳೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತೇ ದಿನದಲ್ಲಿ ತೊಡೆಯ ಸ್ನಾಯು ಸರಾಸರಿ 18%ರಷ್ಟು ಕರಗಿತ್ತು. ಹಣ್ಣಾದ ದೇಹದಲ್ಲಿ ಕಳಕೊಳ್ಳಲಿಕ್ಕೆ ಅಷ್ಟು ಇರುವುದೇ ಇಲ್ಲ. ಆದರೂ ಒಮ್ಮೆ ನಾನೇ ಒಬ್ಬ ಆಯಿಯನ್ನು ‘ಗದ್ದಲ ಮಾಡ್ತಾಳ’ ಅಂತ ಮೂರು ದಿನ ನಿದ್ದೆಯ ಔಷಧದಲ್ಲೇ ಮಲಗಿಸಿಟ್ಟೆ. ಆಕೆಯ ಚಷ್ಮಾ ಹೊರಗೆ ಸಂಬಂಧಿಕರ ಚೀಲದಲ್ಲಿತ್ತು. ಕಣ್ಣು ಕಾಣದೆ ಹೆದರಿದ್ದಳು, ಅಷ್ಟೇ. ಈಗ ಚಷ್ಮಾ, ಹಲ್ಲಿನ ಸೆಟ್ಟು ರೋಗಿಯ ಜತೆಗೇ ಒಳಗೆ ಬರುತ್ತವೆ. ಬಿಪಿ ಸ್ಥಿರವಾದ ದಿನವೇ ಮಂಚದಲ್ಲಿ ಎಬ್ಬಿಸಿ ಕೂರಿಸುತ್ತೇವೆ.

4. ಅಳತೆಗೋಲಿನ ಅಂಕಿ ಇರುವುದು ಬಾಗಿಲು ಹಾಕಲಿಕ್ಕಲ್ಲ. 7 ಬಂದವರಿಗೂ ‘ಮೂರು ದಿನ ಪೂರ್ತಿ ಪ್ರಯತ್ನ ಮಾಡೋಣ, ಆಮೇಲೆ ಮತ್ತೆ ಕೂತು ಮಾತಾಡೋಣ’ ಅನ್ನುತ್ತೇನೆ. ಫಲವಿಲ್ಲದ ಯಂತ್ರೋಪಚಾರ ನಿಲ್ಲಿಸಲು ಸುಪ್ರೀಂ ಕೋರ್ಟು 2018ರಲ್ಲಿ ದಾರಿ ತೆರೆದು 2023ರಲ್ಲಿ ಸರಳಗೊಳಿಸಿತು; ಕರ್ನಾಟಕದ ಸುತ್ತೋಲೆ ಬಂದದ್ದು 2025ರ ಜನವರಿಯಲ್ಲಿ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. ಕಾಗದ ಮುಗಿಯುವ ಮೊದಲೇ ‘ಮನಿಗೆ ಒಯ್ತೀವಿ’ ಅನ್ನುವವರೇ ಹೆಚ್ಚು.

5. ಬಿಡುಗಡೆಯಾದ ಮೇಲೂ ಅಳೆಯಿರಿ. ಮೊನ್ನೆ ಭಾಲ್ಕಿಯ ಒಬ್ಬ ಮುತ್ಯಾ ಕೋಲೂರಿ ತಾನೇ ನಡೆದು ಬಂದ. ‘ಫಸ್ಟ್‌ಕ್ಲಾಸ್’ ಅಂದ ಮಗ. ಸೊಸೆ ನೆಲ ನೋಡುತ್ತ ನಿಂತಿದ್ದಳು. ಬಿಪಿ ನೋಡುವ ನೆಪದಲ್ಲಿ ಗಂಡಸರನ್ನು ಆಚೆ ಕೂರಿಸಿ, ಆಕೆಗೊಂದು ಕುರ್ಚಿ ಎಳೆದೆ.