ಹಳೆ ಸಾಮಾನಿನ ಅಂಗಡಿ ತೋರಿಸುವ ಆ್ಯಪ್

ಕತಾರ್‌ಗಾಮಿಗೆ ಹೊಸದಾಗಿ ಬಂದವರಿಗೆ ಮೊದಲ ಸಂಬಳ ಕೈಸೇರುವ ಮುಂಚೆಯೇ ಬಕೆಟ್ಟು, ಸ್ಟೌ, ಫ್ಯಾನು ಬೇಕಾಗುತ್ತವೆ. ಹೊಸದಕ್ಕೆ ಕೈ ಸಾಲದು. ಹಳೆಯದು ಎಲ್ಲಿ ಸಿಕ್ಕುವುದೋ ತಿಳಿಯದು. ಬೋರ್ಡು ಇದ್ದರೂ ಗುಜರಾತಿ ಲಿಪಿ. ಇಂಥವರಿಗೆ ದಾರಿ ತೋರಿಸುವ ಮೊಬೈಲ್ ಆ್ಯಪ್ ಹೇಗಿರಬೇಕೆಂಬುದನ್ನು ನಾವು ಈ ಸಲ ವಿಚಾರಿಸೋಣ.

ಅಂಗಡಿ ಎಲ್ಲಿ ಎಂಬಷ್ಟೇ ಮುಖ್ಯವಾದುದು ಯಾವಾಗ ಎಂಬುದು. ಅಹಮದಾಬಾದಿನ ಗುಜರಿ ಬಜಾರನ್ನೇ ತೆಗೆದುಕೊಳ್ಳಿ. (ಗುಜರಿ ಎಂಬ ಮಾತು ನಮಗೇನೂ ಹೊಸದಲ್ಲ!) ಸಾಬರಮತಿಯ ದಂಡೆಯಲ್ಲಿ, ಎಲಿಸ್ ಸೇತುವೆಯ ಬಳಿ ಭಾನುವಾರ ನೆರೆಯುವುದರಿಂದಲೇ ಅದಕ್ಕೆ ‘ರವಿವಾರಿ’ ಎಂಬ ಹೆಸರು. ಸ್ಥಳವನ್ನು ಮಾತ್ರ ತೋರಿಸುವ ಆ್ಯಪನ್ನು ನಂಬಿ ಮಂಗಳವಾರ ಹೋದವನಿಗೆ ಅರ್ಧ ದಿನದ ಕೂಲಿ ನಷ್ಟ.

ನಕ್ಷೆಯನ್ನು ನಾವೇ ಬರೆಯಬೇಕಾಗಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಯಾರು ಬೇಕಾದರೂ ಅಂಗಡಿಗಳನ್ನು ಗುರುತಿಸಬಹುದು. ಹಳೆ ಸಾಮಾನಿನ ಅಂಗಡಿಗೆ ಪ್ರತ್ಯೇಕ ಗುರುತು, ತೆರೆಯುವ ವಾರ ಮತ್ತು ವೇಳೆ, ಕನ್ನಡದಲ್ಲಿ ಹೆಸರು, ಎಲ್ಲಕ್ಕೂ ಅದರಲ್ಲಿ ಎಡೆಯುಂಟು. ಆ್ಯಪು ಇದನ್ನೇ ಆಧಾರವಾಗಿಟ್ಟುಕೊಳ್ಳಲಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವಂತಿದ್ದರೆ ಡೇಟಾ ಮುಗಿದ ದಿನವೂ ಉಪಯೋಗಕ್ಕೆ ಬಂದೀತು.

ಬೆಲೆ ಬರೆಯುವ ಗೋಜು ಬೇಡ. ಚೌಕಾಸಿಯ ವ್ಯಾಪಾರಕ್ಕೆ ಅದು ಒಗ್ಗದು. ಅದರ ಬದಲು, ಕೊನೆಯ ಸಲ ಯಾರಾದರೂ ಕಣ್ಣಾರೆ ಕಂಡುಬಂದ ತಾರೀಖು ಇರತಕ್ಕದ್ದು. ತಳ್ಳುಗಾಡಿ ಇಂದು ಈ ಗಲ್ಲಿಯಲ್ಲಿದ್ದರೆ ನಾಳೆ ಇನ್ನೊಂದರಲ್ಲಿ. ತಾರೀಖು ಹಳೆಯದಾದಂತೆ ಹೆಸರು ಮಸುಕಾಗಲಿ. ಬರಿಗೈಯಲ್ಲಿ ಮರಳಿದವರು ಒತ್ತಲು ‘ಇಲ್ಲಿಲ್ಲ’ ಎಂಬ ಗುಂಡಿಯೊಂದಿರಲಿ.