ಗೋಡೆಯೊಳಗೆ ಕಡಜದ ಗೂಡು: ಗೆಲ್ಲಲು ಆರು ಸೂತ್ರಗಳು

ಗೋಡೆಯ ಬಿರುಕಿನಲ್ಲಿ ಕಡಜ ಹೋಗಿಬರುವುದು ಕಂಡರೆ ಸಾಕು, ಎಲ್ಲರಿಗೂ ಮೊದಲು ನೆನಪಾಗುವುದು ಸಿಮೆಂಟು. ದಯವಿಟ್ಟು ತಡೆಯಿರಿ.

1. ಒಳಗಿರುವುದು ಯಾರೆಂದು ಮೊದಲು ತಿಳಿಯಿರಿ. ದೂರ ನಿಂತು ಕಾಲು ಗಂಟೆ ತೂತನ್ನೇ ನೋಡಿ. ಮೈ ನುಣುಪಾಗಿ ಹೊಳೆಯುತ್ತಿದ್ದು ಸೊಂಟ ಸಣ್ಣಗಿದ್ದರೆ ಕಡಜ. ಮೈಮೇಲೆ ನವಿರು ರೋಮವಿದ್ದು ಹಿಂಗಾಲಿಗೆ ಪರಾಗದ ಉಂಡೆ ಅಂಟಿದ್ದರೆ ಅದು ಜೇನು. ಗೋಡೆಯ ಪೊಟರೆ ತುಡುವೆ ಜೇನಿಗೂ ಇಷ್ಟದ ಜಾಗ. ಅದಕ್ಕೆ ಔಷಧಿ ಹೊಡೆಯುವುದು ಮಹಾಪಾಪ. ಹತ್ತಿರದ ಜೇನು ಸಾಕುವವರಿಗೆ ಹೇಳಿ, ಪೆಟ್ಟಿಗೆಗೆ ಕೂರಿಸಿಕೊಂಡು ಹೋಗುತ್ತಾರೆ. ಕಿಟಕಿ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಒಂಟಿ ಹುಳುವನ್ನು ಅದರ ಪಾಡಿಗೆ ಬಿಡಿ.

2. ತೂತು ಮುಚ್ಚಬೇಡಿ. ಮರ ಕೆರೆದು, ಅಗಿದು, ಕಾಗದದಂಥ ಗೂಡು ಕಟ್ಟುವ ದವಡೆ ಕಡಜದ್ದು. ಹೊರದಾರಿ ಕಟ್ಟಿದರೆ ಒಳದಾರಿ ಹುಡುಕುತ್ತದೆ: ಸ್ವಿಚ್ ಬೋರ್ಡಿನ ಪೈಪು, ಅಟ್ಟದ ಹಲಗೆಯ ಸಂದು, ಪಿಒಪಿ ಸೀಲಿಂಗು. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಆ ಗೋಡೆಯ ಒಳಮೈಗೆ ಮೆಲ್ಲಗೆ ಕಿವಿಯಿಟ್ಟರೆ ತರಗೆಲೆ ಮುರಿದಂತೆ ಕರಕರ ಸದ್ದು ಕೇಳಬಹುದು. ಕೇಳಿಸಿತೇ? ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ.

3. ಪೆಟ್ರೋಲು, ಸೀಮೆಎಣ್ಣೆ, ಪಂಜು ಬೇಡವೇ ಬೇಡ. ಆ ಗೋಡೆಯೊಳಗೇ ಕರೆಂಟಿನ ತಂತಿ ಇರುತ್ತದೆ, ಮೇಲೆ ಮರದ ತೊಲೆ.

4. ಗೂಡಿನ ಬಳಿ ಡ್ರಿಲ್ ಹಾಕಬೇಡಿ, ಮೊಳೆ ಹೊಡೆಯಬೇಡಿ, ಗೋಡೆ ಬಡಿಯಬೇಡಿ. ಕಡಜ ಕುಟುಕುವಾಗ ವಿಷದ ಜೊತೆಗೇ ಒಂದು ವಾಸನೆ ಹರಡುತ್ತದೆ, ಉಳಿದವಕ್ಕೆ ಅದೇ ಕರೆ. ಮೇಲೆರಗಿದರೆ ಕೈ ಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಓಡಿ, ಒಳಹೊಕ್ಕು ಬಾಗಿಲು ಹಾಕಿ.

5. ಕುಟುಕಿದರೆ ಸುಣ್ಣ ಹಚ್ಚಿ ಕೂರಬೇಡಿ. ಸೋಪು ನೀರಿನಲ್ಲಿ ತೊಳೆದು ಮಂಜುಗಡ್ಡೆ ಇಡಿ. ಜೇನಿನ ಮುಳ್ಳು ಮೈಯಲ್ಲೇ ಉಳಿಯುತ್ತದೆ. ಕಡಜದ್ದು ಸಾಮಾನ್ಯವಾಗಿ ಉಳಿಯುವುದಿಲ್ಲ, ಹಾಗಾಗಿ ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಒಂದೇ ಕಡಿತಕ್ಕೂ ಹೀಗಾಗಬಹುದು. ಹತ್ತಾರು ಕಡೆ ಕುಟುಕಿದ್ದರೆ ಆರಾಮವೆನಿಸಿದರೂ ಆಸ್ಪತ್ರೆಗೆ ಹೋಗಿ. ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದುಂಟು, ಅದು ಗೊತ್ತಾಗುವುದು ಒಂದೆರಡು ದಿನ ಕಳೆದ ಮೇಲೆ. ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ ವೈದ್ಯರಿಗೆ ತಪ್ಪದೆ ಹೇಳಿ.

6. ಗೂಡು ತೆಗೆಯುವ ಕೆಲಸ ಬಲ್ಲವರಿಗೇ ಬಿಡಿ. ಕರೆಯುವಾಗ ಒಂದು ಮಾತು ಕೇಳಿ: ಪುಡಿ ಔಷಧಿ ಹಾಕುತ್ತೀರಾ? ಗೋಡೆಯೊಳಗಿನ ಗೂಡಿಗೆ ಅದೇ ಸರಿ. ಹೊರಗಿನಿಂದ ಸ್ಪ್ರೇ ಹೊಡೆದರೆ ಬಾಯಿಯಲ್ಲಿದ್ದ ನಾಲ್ಕು ಹುಳು ಸಾಯುತ್ತವೆ, ಅಷ್ಟೆ. ಪುಡಿಯಾದರೆ ಹೋಗಿಬರುವ ಹುಳುಗಳ ಕಾಲಿಗಂಟಿ ಒಳಗಿನ ಗೂಡಿನವರೆಗೆ ತಲುಪುತ್ತದೆ. ಹುಳುಗಳೆಲ್ಲ ಒಳಸೇರಿದ ಮೇಲೆ, ಕತ್ತಲಾದ ನಂತರ, ಮೈತುಂಬ ರಕ್ಷಣಾ ಉಡುಪು ತೊಟ್ಟೇ ಮಾಡುವ ಕೆಲಸವಿದು. ಟಾರ್ಚಿಗೆ ಕೆಂಪು ಗಾಜಿನ ಕಾಗದ ಸುತ್ತಿದರೆ ಒಳ್ಳೆಯದು, ಕೆಂಪು ಬೆಳಕು ಕಡಜಕ್ಕೆ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಹಲವು ದಿನ ತೂತನ್ನು ಗಮನಿಸಿ. ಒಂದು ಹುಳುವೂ ಓಡಾಡದಿದ್ದರೆ ಸಿಕ್ಕಷ್ಟು ಗೂಡು ಕೀಳಿಸಿ, ವೆಂಟಿಲೇಟರಿಗೆ ಜಾಲರಿ ಹಾಕಿಸಿ. ತೆರೆದ ಪೊಟರೆಗೆ ಇನ್ನೊಂದು ರಾಣಿ ಬರಬಹುದು. ಸಿಮೆಂಟು ಕಲಸುವ ಹೊತ್ತು ಇದು. ಒಂದು ಸಂದೂ ಬಿಡದೆ ಮುಚ್ಚಿ.